ರಿಂಗೆಲ್‌ಬ್ಲೂಮನ ವಾರ್ಸಾ ಟಿಪ್ಪಣಿಗಳು

ಪರೋಪಕಾರವನ್ನು ಕೊಂಡಾಡುವ ಗ್ರಂಥಗಳಿಗೆ ಯಾವ ಭಾಷೆಯಲ್ಲಿಯೂ ಬಡತನವಿಲ್ಲ. ಆದರೆ ಪರೋಪಕಾರದಲ್ಲಿ ಮುಳುಗಿದ್ದುಕೊಂಡೇ ಅದರ ಫಲವೆಷ್ಟೆಂದು ನಿರ್ದಾಕ್ಷಿಣ್ಯವಾಗಿ ತೂಗಿ ನೋಡಿದ ಗ್ರಂಥಗಳು ವಿರಳ. ಇಮ್ಯಾನ್ಯುಯೆಲ್ ರಿಂಗೆಲ್‌ಬ್ಲೂಮ್ ಯಿಡ್ಡಿಷ್ ಭಾಷೆಯಲ್ಲಿ ಬರೆದಿಟ್ಟ ವಾರ್ಸಾದ ಟಿಪ್ಪಣಿಗಳು ಆ ವಿರಳ ಜಾತಿಗೆ ಸೇರಿದವು. ಆಯ್ದ ಭಾಗಗಳನ್ನು ಜೇಕಬ್ ಸ್ಲೋನ್ ಇಂಗ್ಲಿಷಿಗೆ ತಂದುದು 1958ರಲ್ಲಿ. ನಾನು ಓದಿರುವುದು ಆ ಅನುವಾದವನ್ನೇ.

ರಿಂಗೆಲ್‌ಬ್ಲೂಮ್ ಇತಿಹಾಸಕಾರ, ಜೊತೆಗೆ, 1914ರಲ್ಲಿ ಅಮೆರಿಕದ ಯೆಹೂದ್ಯರು ಸ್ಥಾಪಿಸಿದ ‘ಜಾಯಿಂಟ್’ ಎಂಬ ಪರಿಹಾರ ಸಂಸ್ಥೆಯ ಕಾರ್ಯಕರ್ತ. 1938ರ ಅಕ್ಟೋಬರಿನಲ್ಲಿ ಜರ್ಮನಿ ತನ್ನಲ್ಲಿದ್ದ ಸಾವಿರಾರು ಪೋಲಿಷ್ ಯೆಹೂದ್ಯರನ್ನು ಗಡಿಯಾಚೆಗೆ ದಬ್ಬಿದಾಗ, ಜ್ಬೊಂಶಿನ್ ಎಂಬ ಗಡಿಯೂರಿನಲ್ಲಿ ನಿರಾಶ್ರಿತರಿಗೆ ಊಟ ವಸತಿಗಳ ಏರ್ಪಾಡು ಮಾಡಲು ಸಂಸ್ಥೆ ಕಳುಹಿಸಿದವರಲ್ಲಿ ಈತನೂ ಒಬ್ಬ. 1940ರ ನವೆಂಬರಿನಲ್ಲಿ ವಾರ್ಸಾದ ಘೆಟ್ಟೊವಿನ ಬಾಗಿಲು ಮುಚ್ಚಿತು. ನಾಲ್ಕು ಲಕ್ಷಕ್ಕೂ ಮೀರಿದ ಜನ ಗೋಡೆಯೊಳಗೆ ಸಿಕ್ಕಿಬಿದ್ದರು. ಹಗಲು ಗಂಜಿಕೇಂದ್ರಗಳ, ನಿರಾಶ್ರಿತರ ವಸತಿಗಳ ಕೆಲಸ, ರಾತ್ರಿ ಬರವಣಿಗೆ. 1941ರ ಡಿಸೆಂಬರಿನಲ್ಲಿ ಅಮೆರಿಕ ಯುದ್ಧಕ್ಕಿಳಿದ ಮೇಲೆ, ಯುದ್ಧಾನಂತರ ತೀರಿಸುವೆವೆಂಬ ಮಾತಿನ ಮೇಲೆ ಒಳಗಿನ ಸ್ಥಿತಿವಂತರಿಂದಲೇ ಸಾಲವೆತ್ತಿ ಗಂಜಿಯ ಕೊಪ್ಪರಿಗೆಯನ್ನು ನಡೆಸಬೇಕಾಯಿತು.

ಬರವಣಿಗೆಯಲ್ಲಿ ಅಲಂಕಾರವಿಲ್ಲ. ವದಂತಿ, ಬೀದಿಯ ನಗೆಮಾತು, ಹಿಟ್ಟನ್ನು ಕದ್ದು ತರುವ ಮಕ್ಕಳು, ಚಳಿಗೆ ಸೆಟೆದು ಬಿದ್ದ ಹೆಣ—ಎಲ್ಲವೂ ಒಂದೇ ದನಿಯಲ್ಲಿ ಬರುತ್ತವೆ. ಶತ್ರುವಿನ ಕ್ರೌರ್ಯವನ್ನು ಬರೆದ ಲೇಖನಿಯೇ ಯೆಹೂದಿ ಪೋಲೀಸರ ಲಂಚಗುಳಿತನವನ್ನೂ, ಉಳ್ಳವರ ಕಲ್ಲೆದೆಯನ್ನೂ ಬರೆಯುತ್ತದೆ. ಸ್ವಜನಪಕ್ಷಪಾತ ಇಲ್ಲವೆಂಬುದೇ ಇದರ ದೊಡ್ಡ ಗುಣ.

ಗ್ರಂಥದ ತಿರುಳು 1942ರ ಮೇ ತಿಂಗಳ ಒಂದು ಟಿಪ್ಪಣಿಯಲ್ಲಿದೆ. ಕೇಂದ್ರದ ಗಂಜಿಯನ್ನೇ ನಂಬಿದವರು ಸಾಯುತ್ತಿದ್ದಾರೆ. ನಾವು ಕೊಡುವುದು ಬದುಕಲು ಸಾಲದು, ಸಾವನ್ನು ಮುಂದೂಡಲು ಮಾತ್ರ ಸಾಕು. ಹಾಗಾದರೆ ಎಲ್ಲರಿಗೂ ಚಮಚೆಯಷ್ಟು ಹಂಚುವುದೋ, ಕೆಲವರನ್ನಾದರೂ ಆರಿಸಿ ಪೂರ್ತಿ ಉಳಿಸುವುದೋ? ಆರಿಸುವ ಅಧಿಕಾರ ಯಾರದು? ಲೇಖಕ ಪ್ರಶ್ನೆಯನ್ನೆತ್ತುತ್ತಾನೆ, ತೀರ್ಪು ಕೊಡುವುದಿಲ್ಲ. ಇದು ಹೃದಯಹೀನವಾದ ಲೆಕ್ಕಾಚಾರವೆಂದು ಕೆಲವರಿಗೆ ತೋರಬಹುದು. ನಾನು ಒಪ್ಪಲಾರೆ. ಹೃದಯವಿಲ್ಲದವನಿಗೆ ಈ ಲೆಕ್ಕವೇ ಹುಟ್ಟದು. ಬಡಿಸಿದ ತಟ್ಟೆಗಳನ್ನು ಎಣಿಸಿ ಅವನು ತೃಪ್ತನಾಗುತ್ತಾನೆ. ಉಳಿದ ಪ್ರಾಣಗಳನ್ನು ಎಣಿಸಹೊರಟವನಿಗೆ ಮಾತ್ರ ನಿದ್ರೆ ಬಾರದು.

ಕೃತಿಯಲ್ಲಿ ಕೊರತೆಯಿಲ್ಲವೆಂದಲ್ಲ. ಇಲ್ಲಿ ಸಮುದಾಯ ಕಾಣುವಷ್ಟು ವ್ಯಕ್ತಿ ಕಾಣುವುದಿಲ್ಲ. ಹೆಸರುಗಳು ಬಂದು ಹೋಗುತ್ತವೆ, ಮುಖಗಳು ನಿಲ್ಲುವುದಿಲ್ಲ. ಆ ಮುಖಗಳಿಗಾಗಿ, ಈತನ ಕೋರಿಕೆಯಂತೆ ಲೆಶ್ನೊ ಬೀದಿಯ ಗಂಜಿಕೇಂದ್ರವನ್ನು ನಡೆಸಿದ ಲೇಖಕಿ ರಾಖೇಲ್ ಔಅರ್‌ಬಾಖ್ ಬರೆದುದನ್ನು ಓದಬೇಕು. ಆದರೆ ಈ ಕೊರತೆಯನ್ನು ಲೇಖಕನೇ ಅರಿತಿದ್ದನೆಂದು ನನ್ನ ಭಾವನೆ. ‘ಓನೆಗ್ ಶಬ್ಬಾತ್’ ಎಂಬ ಗುಪ್ತ ಬಳಗವನ್ನು ಕಟ್ಟಿ ಉಪಾಧ್ಯಾಯರು, ಕವಿಗಳು, ಧರ್ಮಗುರುಗಳು, ಎಲ್ಲರ ಕೈಯಲ್ಲೂ ಆತ ಬರೆಯಿಸಿದ. ದ್ವೇಷಿಗಳು ಯೆಹೂದ್ಯರನ್ನು ಕೊಂದು, ಅವರ ಕಥೆಯನ್ನೂ ತಾವೇ ಹೇಳಬೇಕೆಂದಿದ್ದರು. ಆ ಎರಡನೆಯ ಕೊಲೆಯನ್ನು ತಡೆಯುವುದೂ ಆತನಿಗೆ ಪರಿಹಾರಕಾರ್ಯದ ಭಾಗವಾಗಿತ್ತು.

1942ರ ಜುಲೈ 22ರಿಂದ ಸೆಪ್ಟೆಂಬರಿನವರೆಗೆ ಸುಮಾರು 2,65,000 ಜನರನ್ನು ಟ್ರೆಬ್ಲಿಂಕಾಕ್ಕೆ ಸಾಗಿಸಿದರು. ಗಂಜಿ ಉಂಡವರೂ ಬಡಿಸಿದವರೂ ಒಂದೇ ರೈಲಿನಲ್ಲಿ ಹೋದರು. 1944ರ ಮಾರ್ಚಿಯಲ್ಲಿ ರಿಂಗೆಲ್‌ಬ್ಲೂಮನನ್ನೂ ಕೊಂದರು. ಬಳಗದಲ್ಲಿ ಉಳಿದವರು ಮೂವರೇ. ಹೂತಿಟ್ಟ ಕಾಗದಗಳಲ್ಲಿ ತಗಡಿನ ಪೆಟ್ಟಿಗೆಗಳು 1946ರಲ್ಲಿ, ಹಾಲಿನ ಕ್ಯಾನುಗಳು 1950ರಲ್ಲಿ ದೊರೆತವು. ಮೂರನೆಯ ಭಾಗ ಸಿಕ್ಕಿಲ್ಲ.

ಪ್ರಾಣಗಳ ಲೆಕ್ಕದಲ್ಲಿ ಆ ಸಂಸ್ಥೆ ಸೋತಿತೆಂದೇ ಹೇಳಬೇಕು. ಆದರೆ ಸೋಲನ್ನು ಮುಚ್ಚಿಡದೆ ಬರೆದಿಟ್ಟಿತು. ಇಂದಿನ ಪರಿಹಾರ ಸಂಸ್ಥೆಗಳ ವರದಿಗಳನ್ನು ಓದುವಾಗ, ಬಡಿಸಿದ ತಟ್ಟೆಗಳ ಸಂಖ್ಯೆಯಾಚೆಗೆ ಏನಿದೆಯೆಂದು ಕೇಳುವ ಅಭ್ಯಾಸವನ್ನು ಈ ಗ್ರಂಥ ಕಲಿಸುತ್ತದೆ.