ಬಾರದ ಮೋಡೆಮ್‌ಗೆ ಕಾಯುವ ಯಂತ್ರ

ಕೆಲಸಕ್ಕೆ ಸೇರಿದ ಹೊಸತು. ಲ್ಯಾಬಿನ ಮೂಲೆಯಲ್ಲಿ ಸೋಲಾರಿಸ್ ಓಡುತ್ತಿದ್ದ ಒಂದು ಹಳೇ ಸನ್ ವರ್ಕ್‌ಸ್ಟೇಷನ್ ಇತ್ತು. ಅದರ ಸೀರಿಯಲ್ ಪೋರ್ಟಿಗೆ ಇನ್ನೊಂದು ಮಷೀನಿನ ಕನ್ಸೋಲ್ ಜೋಡಿಸು ಅಂದರು. ಕೇಬಲ್ ಹಾಕಿದೆ, ಕಮಾಂಡ್ ಕೊಟ್ಟೆ. ಕರ್ಸರ್ ಮುಂದಿನ ಸಾಲಿಗೆ ಬಂದು ಕೂತುಬಿಟ್ಟಿತು. ಎರರ್ ಇಲ್ಲ, ಏನೂ ಇಲ್ಲ. ಕೇಬಲ್ ಬದಲಿಸಿದೆ, ಸ್ಪೀಡ್ ಬದಲಿಸಿದೆ, ಊಟ ಬಿಟ್ಟೆ. ಸಂಜೆ ಸೀನಿಯರ್ ಒಬ್ಬರು ಬಂದು, ನಾನು ಬರೆದಿದ್ದ ‘/ಡೆವ್/ಟರ್ಮ್/ಬಿ’ ಅಳಿಸಿ ‘/ಡೆವ್/ಸಿಯುಎ/ಬಿ’ ಅಂತ ಹೊಡೆದರು. ಲಾಗಿನ್ ಪ್ರಾಂಪ್ಟ್ ಬಂತು. “ಮ್ಯಾನ್ ಪೇಜ್ ಓದಲ್ವೇನ್ರೀ?” ಅಂದರು.

ಓದಿದ್ದೆ. ಮೂರು ಸಲ ಓದಿದ್ದೆ. ಹಾಗಂತ ಹೇಳಲು ನಾಚಿಕೆಯಾಗಿ ಸುಮ್ಮನಾದೆ. ಅವತ್ತು ಹೇಳದೇ ಇದ್ದದ್ದನ್ನು ಇವತ್ತು ಹೇಳುತ್ತೇನೆ: ತಪ್ಪು ನನ್ನದೊಂದೇ ಅಲ್ಲ, ಆ ಮ್ಯಾನ್ ಪೇಜಿನದೂ ಹೌದು.

ಮೊದಲು ಆಗಿದ್ದೇನು ನೋಡೋಣ. ಆ ಎರಡು ಹೆಸರೂ ಇರುವುದು ಒಂದೇ ಪೋರ್ಟಿಗೆ. ಸೀರಿಯಲ್ ಪೋರ್ಟಿನ ಆಚೆ ತುದಿಯಲ್ಲಿ ಮೋಡೆಮ್ ಇದೆ, ಅದರಾಚೆ ಫೋನ್ ಲೈನ್ ಇದೆ ಅಂತ ಯುನಿಕ್ಸ್ ನಂಬಿಕೊಂಡ ಕಾಲವದು. ‘ಟರ್ಮ್’ ಹೆಸರು ಒಳಗೆ ಬರುವ ಕರೆಗೆ. ಅದನ್ನು ತೆರೆದರೆ, ಮೋಡೆಮ್ ‘ಕ್ಯಾರಿಯರ್ ಸಿಕ್ಕಿತು’ ಅಂತ ಸಿಗ್ನಲ್ ಕೊಡುವವರೆಗೂ ಓಪನ್ ಕಾಲ್ ಕಾಯುತ್ತದೆ. ‘ಸಿಯುಎ’ ಹೊರಗೆ ಹೋಗುವ ಕರೆಗೆ. ಅದು ಯಾರಿಗೂ ಕಾಯುವುದಿಲ್ಲ. ಒಂದೇ ಮೋಡೆಮ್ ಎರಡೂ ಕೆಲಸಕ್ಕೆ ಆಗಲಿ ಅಂತ ಮಾಡಿದ ಜಾಣ ಏರ್ಪಾಡು, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ನನ್ನ ಕೇಬಲ್‌ನಲ್ಲಿ ಇದ್ದದ್ದು ಮೂರೇ ತಂತಿ: ಕಳಿಸಲು ಒಂದು, ಪಡೆಯಲು ಒಂದು, ಗ್ರೌಂಡ್ ಒಂದು. ಕ್ಯಾರಿಯರ್ ತಂತಿಯೇ ಇರಲಿಲ್ಲ. ಯಂತ್ರ ಬಾರದ ಮೋಡೆಮ್‌ಗೆ ಕಾಯುತ್ತಿತ್ತು, ನಾನು ಯಂತ್ರಕ್ಕೆ ಕಾಯುತ್ತಿದ್ದೆ.

ಇದು ಮ್ಯಾನ್ ಪೇಜಿನಲ್ಲಿ ಇಲ್ಲವೇ? ಇದೆ, ಅದೇ ತಮಾಷೆ. ‘ಟರ್ಮಿಯೋ’ ಎಂಬ ಪುಟದಲ್ಲಿ ‘ಸಿಲೋಕಲ್’ ಎಂಬ ಫ್ಲ್ಯಾಗ್ ಇದೆ. ಅದನ್ನು ಹಾಕಿದರೆ ಕ್ಯಾರಿಯರ್‌ಗೆ ಕಾಯುವುದಿಲ್ಲ. ಸರಿ, ‘ಎಸ್‌ಟಿಟಿವೈ’ ಕಮಾಂಡಿನಲ್ಲಿ ಹಾಕೋಣ ಅಂತ ಹೊರಟರೆ, ಹಾಕುವ ಮೊದಲು ಪೋರ್ಟ್ ತೆರೆಯಬೇಕು. ತೆರೆಯಲು ಹೋದರೆ ಮತ್ತೆ ಅದೇ ಕಾಯುವಿಕೆ. ಪೆಟ್ಟಿಗೆಯ ಬೀಗದಕೈ ಪೆಟ್ಟಿಗೆಯೊಳಗೇ ಇದ್ದಂತೆ! ಎರಡು ಹೆಸರಿನ ಗುಟ್ಟು ಇರುವುದು ಇನ್ನೊಂದು ಪುಟದಲ್ಲಿ. ಆ ಪುಟದ ಹೆಸರು ‘ಝಡ್‌ಎಸ್’. ಯಾಕೆಂದರೆ ಒಳಗಿರುವುದು ಝೈಲಾಗ್ ಕಂಪನಿಯ 8530 ಚಿಪ್. ಅಂದರೆ ಡಬ್ಬಿ ಬಿಚ್ಚಿ ಚಿಪ್‌ನ ಹೆಸರು ಓದಿದವನಿಗೆ ಮಾತ್ರ ಉತ್ತರ ಸಿಗುತ್ತದೆ!

ಇನ್ನೂ ಇದೆ. ಸ್ಪೀಡ್ ಸರಿಮಾಡಿ ಮುಂದಿನ ಕಮಾಂಡ್ ಹೊಡೆಯುವಷ್ಟರಲ್ಲಿ ಅದು ಮತ್ತೆ 9600ಕ್ಕೆ ವಾಪಸ್. ಪೋರ್ಟನ್ನು ಹಿಡಿದಿದ್ದ ಕೊನೆಯ ಪ್ರೋಗ್ರಾಮ್ ಮುಚ್ಚಿದ ಮೇಲೆ ಸೆಟ್ಟಿಂಗ್ ಉಳಿಯುವುದಿಲ್ಲ. ಅದಕ್ಕೇ ಅನುಭವಸ್ಥರು ಹಿನ್ನೆಲೆಯಲ್ಲಿ ಒಂದು ‘ಸ್ಲೀಪ್’ ಓಡಿಸಿ ಪೋರ್ಟ್ ತೆರೆದಿಟ್ಟುಕೊಳ್ಳುತ್ತಿದ್ದರು. ಕೇಬಲ್ ಕಥೆಯೂ ಅಷ್ಟೆ: 25 ಪಿನ್ನಿನ ಕನೆಕ್ಟರಿನಲ್ಲಿ ಕಳಿಸುವುದು 2, ಪಡೆಯುವುದು 3. ಪಿಸಿಯ 9 ಪಿನ್ನಿನದರಲ್ಲಿ ಅದು ಉಲ್ಟಾ.

ರಿಚರ್ಡ್ ಸ್ಟೀವನ್ಸ್ ಬರೆದ ‘ಅಡ್ವಾನ್ಸ್ಡ್ ಪ್ರೋಗ್ರಾಮಿಂಗ್ ಇನ್ ದ ಯುನಿಕ್ಸ್ ಎನ್ವಿರಾನ್‌ಮೆಂಟ್’ ಇದಕ್ಕಿಂತ ಎಷ್ಟೋ ವಾಸಿ. 1992ರ ಆ ಪುಸ್ತಕದಲ್ಲಿ ಟರ್ಮಿನಲ್ ಬಗ್ಗೆ ಒಂದು ಅಧ್ಯಾಯವಿದೆ, ಮೋಡೆಮ್ ಡಯಲ್ ಮಾಡುವ ಪ್ರೋಗ್ರಾಮಿಗೇ ಇನ್ನೊಂದು ಅಧ್ಯಾಯವಿದೆ. ಅದನ್ನು ಓದಿದವನಿಗೆ ಪೋರ್ಟ್ ಯಾಕೆ ಕಾಯುತ್ತದೆ ಅಂತ ತಾನಾಗಿ ಹೊಳೆಯುತ್ತದೆ. 2005ರ ಎರಡನೇ ಆವೃತ್ತಿಯಲ್ಲಿ ಮೋಡೆಮ್ ಅಧ್ಯಾಯ ಇಲ್ಲ. ಮೋಡೆಮ್ ಕಾಲ ಮುಗಿಯುತ್ತಿತ್ತಲ್ಲ, ತೆಗೆದದ್ದು ನ್ಯಾಯವೇ. ಆದರೆ ಪುಸ್ತಕದಿಂದ ಹೋದ ಮೋಡೆಮ್ ಕರ್ನಲ್‌ನಿಂದ ಹೋಗಿರಲಿಲ್ಲ. ನಿಯಮ ಉಳಿಯಿತು, ನಿಯಮದ ಕಾರಣ ಕಳೆದುಹೋಯಿತು. ನಮ್ಮಂಥವರು ತಲೆ ಕೆರೆದುಕೊಂಡದ್ದು ಅಲ್ಲಿ.

ನಮ್ಮೂರಲ್ಲಿ ಪಂಪ್‌ಸೆಟ್ ಸ್ಟಾರ್ಟರ್ ಬೋರ್ಡಿನ ಮೇಲೆ ಮೂರು ದೀಪ ಇರುತ್ತವೆ: ಕೆಂಪು, ಹಳದಿ, ನೀಲಿ. ಮೋಟರ್ ಏಳದಿದ್ದರೆ ಅಪ್ಪ ಮೊದಲು ನೋಡುತ್ತಿದ್ದದ್ದು ಅದನ್ನೇ. ಒಂದು ದೀಪ ಇಲ್ಲ ಅಂದರೆ ಒಂದು ಫೇಸ್ ಇಲ್ಲ, ಮೋಟರ್ ಮುಟ್ಟಬೇಡ, ಲೈನ್‌ಮನ್‌ಗೆ ಹೇಳು. ಅಪ್ಪ ಮೋಟರ್ ಬಗ್ಗೆ ಪುಸ್ತಕ ಓದಿದವರಲ್ಲ. ಆ ಬೋರ್ಡ್ ಮಾಡಿದವನು ಕತ್ತಲಲ್ಲಿ ಟಾರ್ಚ್ ಹಿಡಿದು ನಿಂತ ರೈತನನ್ನು ನೆನೆದು ಮಾಡಿದ್ದ. ಮ್ಯಾನ್ ಪೇಜ್ ಬರೆದವರು ನೆನೆದದ್ದು ಇನ್ನೊಬ್ಬ ಕರ್ನಲ್ ಪ್ರೋಗ್ರಾಮರ್‌ನನ್ನು. ಇನ್‌ಪುಟ್ ಫ್ಲ್ಯಾಗ್, ಔಟ್‌ಪುಟ್ ಫ್ಲ್ಯಾಗ್, ಕಂಟ್ರೋಲ್ ಫ್ಲ್ಯಾಗ್ ಅಂತ ಸ್ಟ್ರಕ್ಚರಿನ ಕ್ರಮದಲ್ಲೇ ಪುಟ ಸಾಗುತ್ತದೆ. ತೊಂದರೆಯಲ್ಲಿರುವವನು ಹುಡುಕುವ ಕ್ರಮ ಅದಲ್ಲ. ಅವನು ಕೇಳುವುದು ‘ಸುಮ್ಮನೆ ಕೂತಿದೆ, ಯಾಕೆ?’ ಅಂತ. ‘ಓಪನ್‌ನಲ್ಲೇ ನಿಂತರೆ ಕ್ಯಾರಿಯರ್ ನೋಡು’ ಎಂಬ ಒಂದು ಸಾಲು ಪುಟದ ತಲೆಯ ಮೇಲಿದ್ದರೆ ಸಾಕಿತ್ತು.

ಹಳೇ ಮಷೀನಿನ ಮಾತು ಈಗ್ಯಾಕೆ ಅನ್ನಬೇಡಿ. ನೆಟ್‌ವರ್ಕ್ ಬಿದ್ದಾಗ ಸರ್ವರ್ ಒಳಗೆ ಹೋಗಲು ಕೊನೆಗೆ ಉಳಿಯುವ ಬಾಗಿಲು ಇವತ್ತಿಗೂ ಸೀರಿಯಲ್ ಕನ್ಸೋಲೇ. ಅದಕ್ಕಿಂತ ಮುಖ್ಯ, ನಾವೂ ದಿನಾ ಡಾಕ್ಯುಮೆಂಟ್ ಬರೆಯುತ್ತೇವೆ, ವಿಕಿ ತುಂಬಿಸುತ್ತೇವೆ. ನನಗೆ ಆವತ್ತು ‘ಹಳ್ಳಿ ಹುಡುಗ, ಇಂಗ್ಲಿಷ್ ಸರಿಯಾಗಿ ಅರ್ಥವಾಗಿಲ್ಲ’ ಅನ್ನಿಸಿತ್ತು. ಎಷ್ಟೋ ವರ್ಷ ಹಾಗೇ ಅಂದುಕೊಂಡಿದ್ದೆ. ಇಂಗ್ಲಿಷ್ ಅರ್ಥವಾಗಿತ್ತು. ಮೂರು ಸಲ ಓದಿದ ಆ ಪುಟದಲ್ಲಿ ನನ್ನ ಪ್ರಶ್ನೆಯೇ ಇರಲಿಲ್ಲ, ಅಷ್ಟೆ.

ಹೊಸ ಹುಡುಗರು ಬಂದು ಏನಾದರೂ ಕೇಳಿದರೆ ‘ಮ್ಯಾನ್ ಪೇಜ್ ಓದಲ್ವೇನ್ರೀ’ ಅಂತ ನಾನು ಕೇಳುವುದಿಲ್ಲ. ‘ಯಾವ ಪುಟ ಓದಿದೆ, ಎಲ್ಲಿ ನಿಂತೆ?’ ಅಂತ ಕೇಳುತ್ತೇನೆ.