‘ಅನೈತಿಕ’ ಎಂಬ ಮಾತು

ನಮ್ಮ ಬೀದಿಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ಕಣ್ಣು ಮಂಜಾದ್ದರಿಂದ ಬೆಳಗಿನ ಪತ್ರಿಕೆಯನ್ನು ಯಾರಾದರೂ ಓದಿ ಹೇಳಬೇಕು. ಮೊನ್ನೆ ಸರದಿ ನನ್ನದಾಗಿತ್ತು. ‘ಅನೈತಿಕ ಸಂಬಂಧದ ಶಂಕೆ: ಪತ್ನಿಯ ಕೊಲೆ’ ಎಂಬ ತಲೆಬರಹವನ್ನು ಓದಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೊಂದದ್ದು ನೈತಿಕವೇನಪ್ಪಾ?” ಎಂದರು.

ನಾನು ಮುಂದಿನ ಸುದ್ದಿಗೆ ಹೋದೆನಾದರೂ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆ ಒಂದು ಸಾಲಿನಲ್ಲಿ ನೀತಿಯ ಭಾರವೆಲ್ಲ ಸತ್ತವಳ ಮೇಲೆ ಬಿದ್ದಿದೆ. ಶಂಕಿಸಿದವನೂ ಕೊಂದವನೂ ಸಾಲಿನಲ್ಲಿ ಕಾಣಿಸುವುದೇ ಇಲ್ಲ. ತಲೆಬರಹ ಬರೆದವರಿಗೆ ದುರುದ್ದೇಶವಿತ್ತೆಂದು ನಾನು ಹೇಳಲಾರೆ. ನಮ್ಮ ನುಡಿಯಲ್ಲಿ ಇಂಥ ವಿಷಯಕ್ಕೆ ಸಿದ್ಧವಾಗಿ ಕುಳಿತಿರುವ ಮಾತುಗಳೇ ಹಾಗಿವೆ.

‘ಪತಿವ್ರತೆ’ಯನ್ನೇ ನೋಡಿ. ಇದಕ್ಕೆ ಜೋಡಿಯಾಗಿ ಗಂಡಸಿಗೊಂದು ಮಾತು ಹುಡುಕಿದರೆ ಸಿಕ್ಕುವುದು ‘ಏಕಪತ್ನೀವ್ರತ’. ಶ್ರೀರಾಮನಿಗೆ ಮೀಸಲಾದ ಬಿರುದು ಅದು. ಹೆಂಗಸಿನ ವ್ರತಕ್ಕೆ ‘ಏಕ’ ಎಂಬ ವಿಶೇಷಣ ಬೇಕಾಗಲಿಲ್ಲ, ಗಂಡಸಿನದಕ್ಕೆ ಎಣಿಸಿ ಹೇಳಬೇಕಾಯಿತು. ಆಡುಮಾತಿಗೆ ಬಂದರೆ, ಗಂಡಸು ಒಬ್ಬಳನ್ನು ‘ಕಟ್ಟಿಕೊಳ್ಳುತ್ತಾನೆ’, ಇನ್ನೊಬ್ಬಳನ್ನು ‘ಇಟ್ಟುಕೊಳ್ಳುತ್ತಾನೆ’. ಕಟ್ಟಿಕೊಂಡವಳು ಕಡೇತನಕ, ಇಟ್ಟುಕೊಂಡವಳು ಇರೋತನಕ ಎಂದು ಗಾದೆಯೇ ಇದೆ. ಎರಡರಲ್ಲೂ ಕರ್ತೃ ಅವನೇ. ಹೆಂಗಸಿಗೆ ದೊರೆಯುವ ಕ್ರಿಯಾಪದಗಳು ‘ಓಡಿಹೋದಳು’, ‘ಕಾಲು ಜಾರಿದಳು’. ಎರಡನೆಯದರಲ್ಲಿ ಸ್ವಲ್ಪ ಕರುಣೆಯಿದೆ ಎಂಬುದನ್ನು ಮರೆಯಬಾರದು. ಜಾರುವುದು ಯಾರಿಗೂ ಆಗಬಹುದಾದದ್ದು. ಸಂಸ್ಕೃತದ ‘ಜಾರ’ನಿಗೂ ನಮ್ಮ ‘ಜಾರು’ವಿಗೂ ನಂಟಿಲ್ಲ, ಆದರೂ ಕನ್ನಡದ ಕಿವಿ ಅವೆರಡನ್ನೂ ಕೂಡಿಸಿಯೇ ಕೇಳುತ್ತದೆ. ಅದೇ ಜಾರನನ್ನು ಕೃಷ್ಣನ ಹೆಸರಾಗಿ ದಾಸರು ಅಕ್ಕರೆಯಿಂದ ಹಾಡಿದರು. ‘ಜಾರಿಣಿ’ಗೆ ಅಂಥ ಭಾಗ್ಯ ಬರಲಿಲ್ಲ.

‘ವ್ಯಭಿಚಾರ’ದ ಕಥೆ ಇನ್ನೂ ಸ್ವಾರಸ್ಯವಾದದ್ದು. ಮೂಲದಲ್ಲಿ ಅದಕ್ಕೆ ಹಾಸಿಗೆಯ ಸಹವಾಸವೇನೂ ಇಲ್ಲ. ಇದ್ದ ದಾರಿಯಿಂದ ಅತ್ತಿತ್ತ ಸರಿಯುವುದು, ಅಷ್ಟೆ. ಹೊಗೆಯಿದ್ದಲ್ಲಿ ಬೆಂಕಿಯುಂಟು, ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕೆಂದಿಲ್ಲ, ಕಾದ ಕಬ್ಬಿಣದ ಗುಂಡಿನಲ್ಲಿ ಇರುವುದಿಲ್ಲ. ಆದ್ದರಿಂದ ಬೆಂಕಿಯನ್ನು ತೋರಿಸಿ ಹೊಗೆಯನ್ನು ಸಾಧಿಸಹೊರಟರೆ ತರ್ಕಶಾಸ್ತ್ರ ಆ ಹೇತುವನ್ನು ‘ಸವ್ಯಭಿಚಾರ’ ಎಂದು ತಳ್ಳಿಹಾಕುತ್ತದೆ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಸ್ಥಾಯಿಯ ಸುತ್ತ ಬಂದು ಹೋಗುವ 33 ಭಾವಗಳಿಗೆ ವ್ಯಭಿಚಾರಿ ಭಾವಗಳೆಂದೇ ಹೆಸರು. ಆ ಪಟ್ಟಿಯಲ್ಲಿ ನಾಚಿಕೆಯೂ ಇದೆ, ಶಂಕೆಯೂ ಇದೆ. ಭರತನ ಲೆಕ್ಕದಲ್ಲಿ ನೋಡಿದರೆ, ಅಜ್ಜಿಗೆ ಓದಿ ಹೇಳಿದ ತಲೆಬರಹದಲ್ಲಿ ಖಚಿತವಾಗಿ ವ್ಯಭಿಚಾರಿ ಎನ್ನಬಹುದಾದದ್ದು ಗಂಡನ ಶಂಕೆಯೊಂದೇ!

ಅಚ್ಚಗನ್ನಡದ ಬಾಯಲ್ಲಿ ನೆಲೆಸಿರುವ ಮಾತು ‘ಹಾದರ’. ಬಸವಣ್ಣನವರು ಅನ್ಯದೈವದ ಸಂಗವನ್ನು ಈ ಮಾತಿನಿಂದಲೇ ಹಳಿದರು. ಭಕ್ತನನ್ನು ಹೆಂಡತಿಯ ಸ್ಥಾನದಲ್ಲಿ ನಿಲ್ಲಿಸಿ, ಅವನ ನಿಷ್ಠೆಯನ್ನು ಅವಳ ಅಳತೆಗೋಲಿನಿಂದ ಅಳೆದರು. ಗಂಡಸಿಗೆ ಈ ಮಾತು ನಿಜವಾಗಿ ನೆಟ್ಟದ್ದು ಹೀಗೆ, ಅವನು ದೇವರ ಮುಂದೆ ಹೆಣ್ಣಾದಾಗ.

ಜನ್ನನ ‘ಯಶೋಧರ ಚರಿತೆ’ಯನ್ನು (1209) ಹಾದರದ ಕಾವ್ಯವೆಂದು ಕರೆಯುವವರುಂಟು. ಈ ಒಂದು ಹೆಸರಿನಿಂದ ಕಾವ್ಯಕ್ಕೆ ಆದ ನಷ್ಟ ಸಣ್ಣದಲ್ಲವೆಂದು ನನಗೆ ತೋರುತ್ತದೆ. ರಾತ್ರಿಯ ಹೊತ್ತು ಕುರೂಪಿ ಮಾವುತನ ಹಾಡನ್ನು ಕೇಳಿ ರಾಣಿ ಅಮೃತಮತಿ ಮನಸೋಲುತ್ತಾಳೆ. ಅವನ ರೂಪ ತಿಳಿದ ಮೇಲೂ, ಅವನಿಂದ ಹೊಡೆಸಿಕೊಂಡ ಮೇಲೂ ಬಿಡಲಾರಳು. ಹಿಂಬಾಲಿಸಿ ಬಂದ ರಾಜ ಹಿರಿದ ಕತ್ತಿಯನ್ನು ತಡೆಹಿಡಿಯುತ್ತಾನೆ. ತಾಯಿಗೆ ಕೆಟ್ಟ ಕನಸೆಂದು ಸುಳ್ಳು ಹೇಳಿ, ಅದರ ಶಾಂತಿಗಾಗಿ ಹಿಟ್ಟಿನ ಕೋಳಿಯೊಂದನ್ನು ಬಲಿಕೊಡುತ್ತಾನೆ. ರಾಣಿ ಇಬ್ಬರಿಗೂ ವಿಷವಿಕ್ಕುತ್ತಾಳೆ. ತಾಯಿ ಮಗ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಸಾಯುವುದು ಆ ಹಿಟ್ಟಿನ ಕೋಳಿಯ ಪಾಪಕ್ಕೆ, ಸಂಕಲ್ಪಹಿಂಸೆಗೆ. ಜೈನ ಕವಿಗೆ ರಾಣಿಯ ಮೇಲೆ ಕನಿಕರವಿಲ್ಲ, ನಿಜ. ಆದರೆ ಕಾವ್ಯದ ತಕ್ಕಡಿಯಲ್ಲಿ ಭಾರವಾಗಿ ತೂಗುವುದು ಹಿಂಸೆ. ಮನಸ್ಸಿನಲ್ಲೇ ಎತ್ತಿದ ಕತ್ತಿಗೂ ಅಲ್ಲಿ ಲೆಕ್ಕವಿದೆ. ‘ಹಾದರ’ವೆಂದೊಡನೆ ಓದುಗ ರಾಣಿಯ ಹಿಂದೆ ಹೊರಡುತ್ತಾನೆ, ಕೋಳಿ ಮರೆತುಹೋಗುತ್ತದೆ. ಗಿರೀಶ ಕಾರ್ನಾಡರು 1980ರಲ್ಲಿ ಇದೇ ಕಥೆಯನ್ನು ನಾಟಕ ಮಾಡಿ ‘ಹಿಟ್ಟಿನ ಹುಂಜ’ ಎಂದು ಹೆಸರಿಟ್ಟರು. ಕಥೆಯ ಗುಂಡಿಗೆ ಎಲ್ಲಿದೆಯೆಂಬುದನ್ನು ಆ ಹೆಸರೇ ಹೇಳಿತು.

ಕಾನೂನಿನ ಭಾಷೆಯೂ ಬಹುಕಾಲ ಹೀಗೆಯೇ ಇತ್ತು. 1860ರ ದಂಡಸಂಹಿತೆಯ 497ನೆಯ ಕಲಮಿನ ಪ್ರಕಾರ ಪರರ ಹೆಂಡತಿಯನ್ನು ಕೂಡಿದ ಗಂಡಸಿಗೆ ಮಾತ್ರ ಶಿಕ್ಷೆ; ಅವಳ ಗಂಡನ ಒಪ್ಪಿಗೆಯಿದ್ದರೆ ಅಪರಾಧವೇ ಇಲ್ಲ! ಹೊಲಕ್ಕೆ ದನ ನುಗ್ಗಿದ ವ್ಯಾಜ್ಯದಂತೆ ಇಬ್ಬರು ಗಂಡಸರ ನಡುವಿನ ಲೆಕ್ಕ. ತನ್ನ ಗಂಡ ಇನ್ನೊಬ್ಬಳ ಬಳಿ ಹೋದನೆಂದು ಹೆಂಡತಿ ಈ ಕಲಮಿನಡಿ ದೂರು ಕೊಡುವಂತಿರಲಿಲ್ಲ. ಸರ್ವೋಚ್ಚ ನ್ಯಾಯಾಲಯ 2018ರ ಸೆಪ್ಟೆಂಬರ್ 27ರಂದು ಈ ಕಲಮನ್ನು ಅಸಿಂಧುಗೊಳಿಸಿತು. ವಿಚ್ಛೇದನಕ್ಕೆ ಅದು ಕಾರಣವಾಗಿ ಉಳಿದಿದೆ, ಗಂಡಹೆಂಡಿರಿಬ್ಬರಿಗೂ ಸಮನಾಗಿ. ಅಪರಾಧ ಹೋಯಿತು, ಪತ್ರಿಕೆಯ ‘ಅನೈತಿಕ’ ಹೋಗಲಿಲ್ಲ.

ಹಾಗಾದರೆ ಏನನ್ನಬೇಕು? ನೊಂದವರು ಏನೆನ್ನುತ್ತಾರೆಂಬುದನ್ನು ಕೇಳಬೇಕು. ಜಗುಲಿಯ ಮೇಲೆ ಕುಳಿತು ಅಳುವ ಹೆಂಗಸು ‘ವ್ಯಭಿಚಾರ’ ಎನ್ನುವುದಿಲ್ಲ, “ನನಗೆ ಮೋಸ ಮಾಡಿದ” ಎನ್ನುತ್ತಾಳೆ. ಗಂಡಸೂ ಅತ್ತರೆ ಅದನ್ನೇ ಹೇಳುತ್ತಾನೆ. ತಕ್ಕಡಿಯವನಿಗೂ ಸಲ್ಲುವ ಸಾಮಾನ್ಯ ಮಾತು ಅದು, ಲಿಂಗಭೇದವಿಲ್ಲ. ಅದರಲ್ಲಿ ಯಾರು ಯಾರಿಗೆ ಕೊಟ್ಟ ಮಾತು ಮುರಿಯಿತೆಂಬುದಿದೆ, ಊರಿನ ತೀರ್ಪಿಲ್ಲ. ಇನ್ನೂ ಘನವಾದದ್ದು ಬೇಕೆಂದರೆ ‘ದ್ರೋಹ’ವಿದೆ. ಮಿತ್ರನಿಗೆ, ಸ್ವಾಮಿಗೆ, ದೇಶಕ್ಕೆ ದ್ರೋಹವಾಗುತ್ತದೆಂದು ಒಪ್ಪಿದ ನಾವು ಹೆಂಡತಿಗೂ ಆಗಬಹುದೆಂದು ಬರೆಯಲು ಏಕೆ ಹಿಂಜರಿಯಬೇಕೋ ತಿಳಿಯದು.

ಆ ಸುದ್ದಿಗೆ ‘ಹೆಂಡತಿಯನ್ನು ಕೊಂದ ಗಂಡನ ಬಂಧನ’ ಎಂದು ಬರೆದಿದ್ದರೆ ಸಾಕಾಗಿತ್ತು. ನಾಳೆ ಓದುವ ಸರದಿ ಎದುರುಮನೆಯ ಹುಡುಗಿಯದು.