ಹಾಳೆ ಕುಗ್ಗಿದರೆ ಹೊಲವೂ ಕುಗ್ಗುತ್ತದೆ

ಪಿಡಿಎಫ್ ಮಾಡಿಟ್ಟರೆ ದಾಖಲೆ ಇದ್ದ ಹಾಗೇ ಉಳಿಯಿತು ಎಂಬ ನಂಬಿಕೆ ಕಚೇರಿಯಿಂದ ಜೆರಾಕ್ಸ್ ಅಂಗಡಿವರೆಗೂ ಬೇರೂರಿದೆ. ಅಕ್ಷರ ಓದಲು ಬಂದರೆ ಸಾಕು, ಹಾಳೆ ಎಷ್ಟು ದೊಡ್ಡದಿದ್ದರೇನು, ಎಲ್ಲವನ್ನೂ ಎ4ಗೆ ತಂದರೆ ಫೈಲು ಚೊಕ್ಕಟ ಎನ್ನುವವರೇ ಹೆಚ್ಚು. ಅರ್ಜಿ, ಆದೇಶಗಳ ಮಟ್ಟಿಗೆ ಈ ಮಾತು ನಡೆದೀತು. ಜಮೀನಿನ ನಕಾಶೆಗೆ ನಡೆಯದು.

ಬಳ್ಳಾರಿ ಜಿಲ್ಲೆಯ ಕುರುಗೋಡು ತಾಲ್ಲೂಕಿನ ಬಾದನಹಟ್ಟಿಯಂಥ ಊರಿಗೆ ಇದು ಬದುಕಿನ ಪ್ರಶ್ನೆ. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಬಳ್ಳಾರಿ ಸೀಮೆ ಮದ್ರಾಸಿನದು. ಹಾಗಾಗಿ ರಾಜ್ಯದ ಹಲವೆಡೆ ಗುಂಟೆ ಎಂದರೆ ಇಲ್ಲಿಯವರ ಬಾಯಲ್ಲಿ ಇಂದಿಗೂ ಸೆಂಟ್ಸ್. ಎಕರೆಗೆ ನೂರು, ಒಂದೊಂದೂ 435.6 ಚದರಡಿ. ಬದು ಒಂದು ಮಾರು ಸರಿದರೂ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಆಗ ಕೈಗೆ ಬರುವುದು ನಕಾಶೆಯ ನಕಲು.

ನಮ್ಮ ರಾಜ್ಯದ ಗ್ರಾಮನಕಾಶೆಗಳಲ್ಲಿ ಬಳಕೆಯಲ್ಲಿರುವ ಒಂದು ಪ್ರಮಾಣ 1:7920. ಕಾಗದದ ಮೇಲಿನ ಒಂದು ಇಂಚು ನೆಲದ ಮೇಲೆ 660 ಅಡಿ. 8 ಇಂಚಿಗೆ ಒಂದು ಮೈಲಿ. ಎ3 ಹಾಳೆಯನ್ನು ಎ4ಗೆ ಇಳಿಸಿದರೆ ಆ 8 ಇಂಚಿನ ಗೆರೆ 5.66 ಇಂಚಾಗುತ್ತದೆ. ಮೂಲೆಯಲ್ಲಿ ಬರೆದ 1:7920 ಮಾತ್ರ ಹಾಗೇ ಇರುತ್ತದೆ. ಅದನ್ನು ನಂಬಿ ಅಡಿಪಟ್ಟಿ ಇಟ್ಟರೆ 10 ಎಕರೆ ಹೊಲ 5 ಎಕರೆ!

ಇಷ್ಟು ದೊಡ್ಡ ತಪ್ಪು ಯಾರಿಗಾದರೂ ಗೊತ್ತಾಗುತ್ತದೆ. ನನ್ನನ್ನು ಕಾಡುವುದು ಸಣ್ಣದು. ಪ್ರಿಂಟ್ ಕೊಡುವಾಗ ‘ಫಿಟ್ ಟು ಪೇಜ್’ ಒತ್ತಿ ಹಾಳೆ ಶೇ. 97ಕ್ಕೆ ಇಳಿದರೆ ಕಣ್ಣಿಗೆ ವ್ಯತ್ಯಾಸವೇ ಕಾಣದು. ಆದರೆ ಅದೇ 10 ಎಕರೆಯಲ್ಲಿ 59 ಸೆಂಟ್ಸ್ ಕಡಿಮೆ ಬರುತ್ತದೆ. ಒಂದಕ್ಷರವೂ ಅಳಿಸಿಲ್ಲ, ದಾಖಲೆ ಮಾತ್ರ ಸುಳ್ಳು ಹೇಳುತ್ತಿದೆ.

ಇದರಲ್ಲಿ ಪಿಡಿಎಫ್‌ನ ದೋಷವಿಲ್ಲ. ಪ್ರತಿ ಪುಟದ ಅಗಲ, ಎತ್ತರವನ್ನು ಇಂಚಿನ 72ನೇ ಒಂದು ಭಾಗದ ಲೆಕ್ಕದಲ್ಲಿ ಅದು ತನ್ನೊಳಗೇ ಬರೆದಿಟ್ಟುಕೊಳ್ಳುತ್ತದೆ. ಒಂದೇ ಫೈಲಿನಲ್ಲಿ ಎ4 ಪುಟದ ಪಕ್ಕ ಮೇಜಿನಗಲದ ನಕಾಶೆಯೂ ಕೂರಬಹುದು. ಎಲ್ಲ ಪುಟ ಒಂದೇ ಅಳತೆ ಇರಲಿ ಎಂಬುದು ನಮ್ಮ ಹಟ. ಸ್ಕ್ಯಾನ್ ಮಾಡುವಾಗ ಇಂಚಿಗೆ ಎಷ್ಟು ಚುಕ್ಕಿ ಎಂಬ ಸಂಖ್ಯೆ ಚಿತ್ರದ ಜೊತೆ ಉಳಿಯದಿದ್ದರೆ, ಪರಿವರ್ತಿಸುವ ತಂತ್ರಾಂಶ ಹಾಳೆಯ ಅಳತೆಯನ್ನು ಊಹಿಸಬೇಕಾಗುತ್ತದೆ.

ಪಹಣಿಯಲ್ಲಿ ವಿಸ್ತೀರ್ಣ ಇದೆ, ಸರ್ವೆ ಟಿಪ್ಪಣಿಯಲ್ಲಿ ಗೆರೆಗಳ ಮೇಲೇ ಅಳತೆ ಇದೆ, ಕೊನೆಗೆ ಸರ್ವೆಯರ್ ಬಂದು ಅಳೆಯುತ್ತಾರೆ ಎಂಬ ವಾದವಿದೆ. ಒಪ್ಪುತ್ತೇನೆ. ಆದರೆ ಹಾಳೆ ಅರ್ಧಕ್ಕಿಳಿದಾಗ ಆ ಸಣ್ಣ ಅಂಕಿಗಳಲ್ಲಿ 3 ಯಾವುದು, 8 ಯಾವುದು ಎಂದು ಓದುವುದೇ ಕಷ್ಟ. ಮೇಲಾಗಿ, ಮಡಿಕೆ ಮಡಿಕೆಯಲ್ಲಿ ಹರಿಯುತ್ತಿರುವ ಹಳೆಯ ನಕಾಶೆ ನಾಳೆ ಇರುವುದಿಲ್ಲ. ಅಂದಿಗೆ ಈ ನಕಲೇ ಮೂಲ.

ಪರಿಹಾರಕ್ಕೆ ದುಡ್ಡು ಬೇಕಿಲ್ಲ. ಸ್ಕ್ಯಾನರ್‌ನ ಗಾಜಿನ ಮೇಲೆ ನಕಾಶೆಯ ಅಂಚಿಗೆ ಒಂದು ಅಡಿಪಟ್ಟಿ ಇಡಲಿ. ಹಾಳೆ ಎಷ್ಟೇ ಕುಗ್ಗಲಿ, ಪಟ್ಟಿಯೂ ಜೊತೆಗೇ ಕುಗ್ಗಿ ನಿಜ ಹೇಳುತ್ತದೆ. ಪ್ರಿಂಟ್ ಕೊಡುವವರು ‘ಆ್ಯಕ್ಚುಯಲ್ ಸೈಜ್’ ಆರಿಸಲಿ. ನಕಲು ಪಡೆದ ರೈತರು ಬದುವಿಗೆ ಹೋಗುವ ಮುನ್ನ ಆ ಪಟ್ಟಿಯ ಒಂದು ಇಂಚು ಒಂದು ಇಂಚೇ ಇದೆಯೇ ಎಂದು ನೋಡಲಿ.